ಶಾಲೆಗಾಗಿ ನಡೆದ ಹತ್ತು ಆದಿತ್ಯವಾರ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮೊದಲನೇ ತಂಡದ ವಿದ್ಯಾರ್ಥಿನಿಯೊಬ್ಬರು ಆಡಿದ ಮಾತಿನ ಬರಹ ರೂಪ)



ಸಮಿತಿಯವರು ಮನೆಗೆ ಬಂದು, "ಅಕ್ಕಾ, ನೀವು ಮೊದಲನೇ ಬ್ಯಾಚಿನವರು, ಹಳೆಯ ಕಾಲದ ಬೇಸಾಯದ ಮನೆಯ ಬದುಕು ಹೇಗಿತ್ತು, ಶಾಲೆಗೆ ಊರಿನವರು ಹೇಗೆ ದುಡ್ಡು ಒಟ್ಟು ಮಾಡಿದರು ಅಂತ ಒಂದು ಹದಿನೈದು ನಿಮಿಷ ಮಾತಾಡಿ" ಅಂದರು. ಹದಿನೈದು ನಿಮಿಷದಲ್ಲಿ ನಾನು ಒಂದು ಗೋಣಿ ಅಡಿಕೆ ಸುಲಿಯಲಿಕ್ಕೂ ಕಲಿತಿಲ್ಲ. ಆದರೂ ಒಪ್ಪಿದೆ. ಒಪ್ಪಲು ಕಾರಣ ಬೇರೆಯೇ ಉಂಟು. ಅದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ಧೈರ್ಯ ಸಾಕಾಗಲಿಕ್ಕಿಲ್ಲ.

ನಮ್ಮ ಊರಿನ ವಿಚಾರ ಹೊರಗಿನವರಿಗೆ ಹೇಳುವಾಗ ನಾನು ಯಾವಾಗಲೂ ಒಂದು ಮಾತು ಹೇಳುವುದುಂಟು: ನಮ್ಮ ಕಾಲು ಬಂಟ್ವಾಳ ತಾಲೂಕಿನಲ್ಲಿ, ಕೈ ಬೆಳ್ತಂಗಡಿ ತಾಲೂಕಿನಲ್ಲಿ, ಮುಖ ಮೂಡುಬಿದಿರೆಯ ಕಡೆಗೆ. ಕಚೇರಿಗೆ ಬಂಟ್ವಾಳ, ನೆಂಟಸ್ತಿಕೆಗೆ ವೇಣೂರು, ಬಟ್ಟೆ-ಬರೆ ಜವಳಿಗೆ ಮೂಡುಬಿದಿರೆ. ಆಗ ಮೂಡುಬಿದಿರೆ ಕಾರ್ಕಳ ತಾಲೂಕಿಗೆ ಸೇರಿತ್ತು. 1997ರಲ್ಲಿ ಉಡುಪಿ ಜಿಲ್ಲೆ ಆದ ಮೇಲೆ ಮಂಗಳೂರು ತಾಲೂಕಿಗೆ ಬಂತು, ಈಗ ಅದೇ ಒಂದು ತಾಲೂಕು. ಊರು ಇದ್ದಲ್ಲೇ ಇತ್ತು, ಗಡಿಗಳು ಮಾತ್ರ ತಿರುಗಾಡಿದವು.

ನಮ್ಮದು ಗೇಣಿ ಒಕ್ಕಲಿನ ಮನೆ. ಎರಡು ಎಕ್ರೆ ಚಿಲ್ಲರೆ ಗದ್ದೆ, ಬದಿಯಲ್ಲಿ ನೂರೈವತ್ತು ಅಡಿಕೆ ಮರ, ಮನೆಯ ಹಿಂದೆ ಗುಡ್ಡೆ. ಮೂರು ಬೆಳೆಯ ಹೆಸರು ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ: ಏಣಿಲು, ಸುಗ್ಗಿ, ಕೊಳಕೆ. ನಮ್ಮ ಗದ್ದೆಯಲ್ಲಿ ಏಣಿಲು ಖಂಡಿತ, ಸುಗ್ಗಿ ತೋಡಿಗೆ ಕಟ್ಟ ಕಟ್ಟಿದರೆ ಮಾತ್ರ, ಕೊಳಕೆ ದೇವರ ದಯೆ ಇದ್ದರೆ. ಗೇಣಿ ಅಕ್ಕಿಯಲ್ಲಿ ಕೊಡಬೇಕು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಅಪ್ಪ ಅಂಗಳದಲ್ಲಿ ಕೂತು ಬೈಹುಲ್ಲಿನಲ್ಲಿ ಮುಡಿ ಕಟ್ಟುವುದನ್ನು ನೋಡುವುದೇ ಒಂದು ಚಂದ. ಕೋಲಿನಿಂದ ಬಡಿದು ಬಡಿದು ಉರುಟು ಮಾಡಿ, ಹುಲ್ಲಿನ ಹಗ್ಗ ಬಿಗಿದು ಮುಗಿಸುವಾಗ ಒಂದು ಕಾಳು ಹೊರಗೆ ಬೀಳುತ್ತಿರಲಿಲ್ಲ. ಆದರೆ ಅಷ್ಟು ಚಂದದ ಮುಡಿ ನಮ್ಮ ಅಟ್ಟಕ್ಕೆ ಹೋಗುವುದಲ್ಲ, ಧನಿಗಳ ಮನೆಗೆ ಹೋಗುವುದು ಅಂತ ಗೊತ್ತಾದದ್ದು ನನಗೆ ಏಳೆಂಟು ವರ್ಷ ಆದ ಮೇಲೆ.

ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾವು ಐದು ಮಕ್ಕಳು. ಬೆಳಗ್ಗೆ ಕೋಳಿ ಕೂಗುವ ಮೊದಲು ಅಮ್ಮ ಏಳುವುದು, ಹಟ್ಟಿಯ ಕೆಲಸ, ಸಗಣಿ ಬಾಚುವುದು, ಹಾಲು ಕರೆಯುವುದು. ನನ್ನ ಪಾಲಿಗೆ ಬಾವಿಯ ನೀರು, ಅಂಗಳ ಗುಡಿಸುವುದು, ತಮ್ಮಂದಿರನ್ನು ಎಬ್ಬಿಸುವುದು. ಈ ಮೂರರಲ್ಲಿ ಮೂರನೆಯದೇ ಕಷ್ಟ. ಒಂಬತ್ತು ಗಂಟೆಗೆ ಗಂಜಿ, ಬದಿಗೆ ತಿಮರೆ ಚಟ್ನಿ ಅಥವಾ ಸುಟ್ಟ ಮೆಣಸು. ಆಟಿ ತಿಂಗಳಲ್ಲಿ ಗಂಜಿಯೂ ತೆಳ್ಳಗೆ. ಆಗ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಬೂದಿಯಲ್ಲಿ ಸುಟ್ಟ ಹಲಸಿನ ಬೀಜ. ಈಗ ಪೇಟೆಯಲ್ಲಿ "ಆಟಿಡೊಂಜಿ ದಿನ" ಅಂತ ಕಾರ್ಯಕ್ರಮ ಮಾಡಿ ಅದೇ ತಿಂಡಿಗಳನ್ನು ಬಾಳೆ ಎಲೆಯಲ್ಲಿ ಬಡಿಸುತ್ತಾರೆ. ರುಚಿಯಾಗಿಯೇ ಇರುತ್ತದೆ. ನಮಗೆ ಆಗ ಅದು ತಿಂಡಿಯಲ್ಲ, ಬೇರೆ ಏನೂ ಇಲ್ಲ ಎಂಬ ಸುದ್ದಿ.

ಮಧ್ಯಾಹ್ನದ ಮೇಲೆ ಅಮ್ಮ ಜಗಲಿಯಲ್ಲಿ ಬೀಡಿಯ ಸೂಪು ಹಿಡಿದು ಕೂರುವುದು. ಬಂಟ್ವಾಳ, ಬೆಳ್ತಂಗಡಿಯ ಎಷ್ಟು ಮಕ್ಕಳ ಫೀಸು, ಎಷ್ಟು ಹೆಣ್ಣುಮಕ್ಕಳ ಮದುವೆಯ ಕರಿಮಣಿ ಆ ಸೂಪಿನಿಂದ ಬಂತು ಅಂತ ಲೆಕ್ಕ ಇಟ್ಟವರಿಲ್ಲ. ನಾನೂ ಶಾಲೆಯಿಂದ ಬಂದು ಎಲೆ ಕತ್ತರಿಸುತ್ತಿದ್ದೆ. ಬಾಯಿಪಾಠ ಆಗಬೇಕಾದ ಪದ್ಯವನ್ನು ನಾನು ಹೇಳುವುದು, ತಪ್ಪಿದರೆ ಅಮ್ಮ ತಿದ್ದುವುದು. ಅಮ್ಮನಿಗೆ ಓದಲು ಬಾರದು, ಆದರೆ ಮೂರು ದಿನ ಕೇಳಿದರೆ ಪದ್ಯ ಅವಳಿಗೆ ನನ್ನಿಂದ ಮೊದಲು ಬರುತ್ತಿತ್ತು.

ಇನ್ನು ಶಾಲೆಯ ವಿಷಯಕ್ಕೆ ಬರುತ್ತೇನೆ.

ಏಳನೇ ಕ್ಲಾಸು ಮುಗಿದ ಮೇಲೆ ಹೈಸ್ಕೂಲಿಗೆ ಮೂಡುಬಿದಿರೆಗೋ ಬಂಟ್ವಾಳಕ್ಕೋ ಹೋಗಬೇಕಿತ್ತು. ಗಂಡುಮಕ್ಕಳಲ್ಲಿ ನಾಲ್ಕೈದು ಜನ ಹೋದರು, ಹೆಣ್ಣುಮಕ್ಕಳು ಬೀಡಿಗೆ ಕೂತರು. 1974ರ ಜೂನ್‌ನಲ್ಲಿ ನಮ್ಮ ಊರಿಗೆ ಸರಕಾರಿ ಹೈಸ್ಕೂಲು ಬಂತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದು ಇನ್ನೂ ವರ್ಷ ಆಗಿರಲಿಲ್ಲ. ಬಂತು ಅಂದರೆ ಆದೇಶ ಬಂತು, ಹೆಡ್‌ಮಾಸ್ಟ್ರು ಬಂದರು, ಅಷ್ಟೇ. ಕಟ್ಟಡ ಊರಿನವರೇ ಮಾಡಿಕೊಡಬೇಕು. ಭಜನಾ ಮಂದಿರದ ಜಗಲಿಯಲ್ಲಿ 31 ಮಕ್ಕಳು ಕೂತೆವು, ಅದರಲ್ಲಿ ಹುಡುಗಿಯರು 9 ಜನ. ಆ ವರ್ಷದ ಮಳೆಯನ್ನು ಹಿರಿಯರು ಮರೆತಿರಲಿಕ್ಕಿಲ್ಲ. ಜುಲೈಯಲ್ಲಿ ನೇತ್ರಾವತಿ ಬಂಟ್ವಾಳ ಪೇಟೆಯ ಒಳಗೇ ಬಂದದ್ದು ಅದೇ ವರ್ಷ. ನಮ್ಮ ಫಲ್ಗುಣಿಯೂ ಗದ್ದೆಗೆ ಹತ್ತಿತು. ಮಂದಿರದ ಜಗಲಿಗೆ ಮಳೆ ಅಡ್ಡಕ್ಕೆ ಹೊಡೆದು ಪುಸ್ತಕಗಳೆಲ್ಲ ಒದ್ದೆ. ಹೆಡ್‌ಮಾಸ್ಟ್ರು ಧಾರವಾಡ ಕಡೆಯವರು, ಅಂಥ ಮಳೆ ಜನ್ಮದಲ್ಲಿ ನೋಡಿದವರಲ್ಲ. "ಇದು ಯಾವಾಗ ನಿಲ್ಲತದರೀ?" ಅಂತ ಕೇಳಿದರು. "ದೀಪಾವಳಿಗೆ" ಅಂತ ನಮ್ಮವನೊಬ್ಬ ಹೇಳಿದ. ತಮಾಷೆ ಅಂತ ತಿಳಿದು ಅವರು ಬೆತ್ತ ತೆಗೆದರು.

ದೀಪಾವಳಿ ಮುಗಿದ ಮೇಲೆ, ಏಣಿಲು ಕೊಯ್ದು ಭತ್ತ ಮನೆಗೆ ಬಂದ ಹೊತ್ತಿಗೆ, ಮನೆ ಮನೆಗೆ ನಡೆಯುವುದು ಅಂತ ತೀರ್ಮಾನವಾಯಿತು. ಅದನ್ನು ಹೇಳಿದವರು ಪ್ರಾಥಮಿಕ ಶಾಲೆಯ ನಮ್ಮ ಹಳೆಯ ಮಾಸ್ಟ್ರು. ಅವರು 1957ರಲ್ಲಿ ವಿನೋಬಾ ಭಾವೆಯವರು ಕೇರಳ ಮುಗಿಸಿ ಮಂಜೇಶ್ವರಕ್ಕೆ ನಡೆದು ಬಂದಾಗ ನೋಡಲು ಹೋದವರು. ಶಾಂತಿಸೇನೆ ಶುರುವಾದದ್ದು ಅಲ್ಲಿಯೇ. "ಆ ಮನುಷ್ಯ ಜಾಗ ಕೇಳಲಿಕ್ಕೆ ಇಡೀ ದೇಶ ನಡೆದರು, ನಮಗೆ ಒಂದು ಗ್ರಾಮ ನಡೆಯಲಿಕ್ಕೆ ಎಂಥ ಕಷ್ಟ?" ಅಂದರು. ನಿಯಮ ಎರಡೇ. ಒಂದು, ಯಾವ ಮನೆಯನ್ನೂ ಬಿಡಬಾರದು, ಬಡವರದ್ದು ಅಂತ ಬಿಟ್ಟರೆ ಅವರಿಗೆ ಅವಮಾನ, ಶ್ರೀಮಂತರದ್ದು ಅಂತ ಹೆದರಿ ಬಿಟ್ಟರೆ ನಮಗೆ ಅವಮಾನ. ಎರಡು, ಏನು ಕೊಟ್ಟರೂ ಪುಸ್ತಕದಲ್ಲಿ ಬರೆಯಬೇಕು.

ಬರೆಯುವ ಕೆಲಸ ನನಗೆ ಬಂತು. ಅಕ್ಷರ ಉರುಟು ಇದೆ ಅಂತ. ಅಪ್ಪನಿಗೆ ಗೋಣಿ ಹೊರುವ ಕೆಲಸ. ಅಜ್ಜಿಗೆ ಮಾತ್ರ ಸಿಟ್ಟು ಬಂತು. "ಹದಿಮೂರು ವರ್ಷದ ಹೆಣ್ಣನ್ನು ಭಿಕ್ಷೆಗೆ ಕಳಿಸುವುದಾ?" ಅಂತ ಮಾಸ್ಟ್ರ ಎದುರಿಗೇ ಕೇಳಿದಳು. ಮಾಸ್ಟ್ರು ಜಗಲಿಯಲ್ಲಿ ಕೂತು ಎಲೆ ಅಡಿಕೆ ಕೇಳಿ ಹಾಕಿಕೊಂಡು, "ಅಮ್ಮಾ, ಆಟಿ ಕಳಂಜ ಬಂದರೆ ಅಕ್ಕಿ ಕೊಡುತ್ತೀರಿ, ಮಾರ್ನೆಮಿಗೆ ಹುಲಿ ವೇಷ ಬಂದರೆ ದುಡ್ಡು ಕೊಡುತ್ತೀರಿ. ನಾವು ಬಣ್ಣ ಹಚ್ಚದ ಹುಲಿಗಳು ಅಂತ ತಿಳಿದುಕೊಳ್ಳಿ" ಅಂದರು. ಅಜ್ಜಿ ನಗಲಿಲ್ಲ, ಆದರೆ ಮತ್ತೆ ಮಾತಾಡಲಿಲ್ಲ.

ಹತ್ತು ಆದಿತ್ಯವಾರ ನಡೆದೆವು. ನಮ್ಮ ಗ್ರಾಮ ಮುಗಿಸಿ ತೋಡು ದಾಟಿ ಬೆಳ್ತಂಗಡಿ ತಾಲೂಕಿನ ಮನೆಗಳಿಗೆ, ಗುಡ್ಡೆ ಹತ್ತಿ ಇಳಿದು ಮೂಡುಬಿದಿರೆ ಕಡೆಯ ಮನೆಗಳಿಗೆ. ರಸ್ತೆ ಎಂಬುದು ಒಂದೇ, ಉಳಿದದ್ದೆಲ್ಲ ಗದ್ದೆಯ ಹುಣಿ, ಕಾಲುದಾರಿ, ಅಡಿಕೆ ಮರದ ಸಂಕ. ಹೆಡ್‌ಮಾಸ್ಟ್ರು ಸಂಕದ ಮೇಲೆ ನಿಂತು ನಡೆದವರೇ ಅಲ್ಲ, ಕೂತು ಜಾರಿಕೊಂಡೇ ದಾಟಿದ್ದು. ಅವರು ಗಟ್ಟಿಯಾಗಿ ಕನ್ನಡದಲ್ಲಿ ಶಾಲೆಯ ಮಹತ್ವ ಹೇಳುವುದು, ಮನೆಯ ಮುದುಕಿ ಕೈಮುಗಿದು ಕೇಳಿ, ಕೊನೆಗೆ ನಮ್ಮ ಕಡೆ ತಿರುಗಿ ತುಳುವಿನಲ್ಲಿ "ಇವರಿಗೆ ಬಾಯಾರಿಕೆಯಾ?" ಅಂತ ಕೇಳುವುದು. ಮತ್ತೆ ಮಾಸ್ಟ್ರು ತುಳುವಿನಲ್ಲಿ ಎರಡೇ ಮಾತಿನಲ್ಲಿ ವಿಷಯ ಮುಗಿಸುವುದು. ಯಾವ ಮನೆಯಲ್ಲೂ ಬೆಲ್ಲ ನೀರು ಕುಡಿಯದೆ ಬಿಡಲಿಲ್ಲ. ಮೊದಲ ಆದಿತ್ಯವಾರ ಸಂಜೆಗೆ ನನ್ನ ಹೊಟ್ಟೆಯೇ ಒಂದು ಕೊಡಪಾನ.

ಆ ಪುಸ್ತಕ ಇಲ್ಲಿದೆ, ನೋಡಿ. ನೂರು ಪುಟದ್ದು. ಅಂಚು ಗೆದ್ದಲು ತಿಂದಿದೆ. ಸ್ವಲ್ಪ ಓದುತ್ತೇನೆ, ಹೆಸರು ಬಿಟ್ಟು. ಅರ್ಧ ಕಳಸೆ ಭತ್ತ. ಎರಡು ತೆಂಗಿನಕಾಯಿ. ಒಂದು ರೂಪಾಯಿ. ಮುಳಿಹುಲ್ಲು 10 ಕಟ್ಟ. ಒಂದು ಹುಂಜ, ಇದನ್ನು ಏಲಂ ಮಾಡಿ 6 ರೂಪಾಯಿ ಬಂತು, ಏಲಂನಲ್ಲಿ ತೆಗೆದುಕೊಂಡವರೂ ಕೊಟ್ಟವರೇ. ನಾಲ್ಕು ಆಳಿನ ಕೆಲಸ. ಮುರಕಲ್ಲು 50. ಇನ್ನೊಂದು ಕಡೆ ಬರೆದಿದೆ: "ಈಗ ಏನೂ ಇಲ್ಲ, ಅಡಿಕೆ ಕೊಯ್ದ ಮೇಲೆ." ಅದರ ಕೆಳಗೆ ಬೇರೆ ಶಾಯಿಯಲ್ಲಿ: "ಬಂತು." ನಮ್ಮ ಮನೆಯದ್ದೂ ಇದೆ. ಅಮ್ಮ ಅನ್ನಕ್ಕೆ ಅಕ್ಕಿ ಹಾಕುವಾಗ ದಿನಾ ಒಂದು ಮುಷ್ಟಿ ಬೇರೆ ಮಡಕೆಗೆ ಹಾಕುತ್ತಿದ್ದಳು. ಮೂರು ತಿಂಗಳಲ್ಲಿ ಅದು ಅರ್ಧ ಕಳಸೆಗೆ ಹತ್ತಿರ ಆಯಿತು. ಬೀಡಿ ಮಜೂರಿಯಿಂದ 2 ರೂಪಾಯಿ. ಬರೆಯುವಾಗ ನನಗೆ ನಾಚಿಕೆ ಆಯಿತು, ಕಡಿಮೆ ಅಂತ ಅಲ್ಲ, ಆ ಅಕ್ಕಿಯ ಗಂಜಿ ನಾವು ಕುಡಿಯಲಿಲ್ಲ ಅಂತ ನನಗೆ ಗೊತ್ತಿತ್ತಲ್ಲ.

ಏಳನೇ ಆದಿತ್ಯವಾರ ಧನಿಗಳ ಮನೆ.

ಇಲ್ಲಿ ಸಣ್ಣವರಿಗೆ ಒಂದು ವಿಷಯ ಹೇಳಬೇಕು. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಗೇಣಿಯ ಜಾಗ ಉಳುವವನಿಗೆ. ಒಕ್ಕಲು 7ನೇ ನಮೂನೆಯಲ್ಲಿ ಅರ್ಜಿ ಕೊಡಬೇಕು, ನಮ್ಮಲ್ಲಿ ಅದಕ್ಕೆ ಡಿಕ್ಲರೇಶನ್ ಅನ್ನುವುದೇ ರೂಢಿ. ತಾಲೂಕಿನಲ್ಲಿ ಭೂ ನ್ಯಾಯ ಮಂಡಳಿ ಕೂತು ತೀರ್ಮಾನ ಮಾಡಬೇಕು. ಆಗ ಭೂಸುಧಾರಣೆಯ ಮಂತ್ರಿ ನಮ್ಮ ಜಿಲ್ಲೆಯವರೇ ಆದ ಸುಬ್ಬಯ್ಯ ಶೆಟ್ಟರು. ಕಾನೂನು ಕಾಗದದಲ್ಲಿ ಬಂತು, ಆದರೆ ಡಿಕ್ಲರೇಶನ್ ಕೊಡುವುದೆಂದರೆ ಅಜ್ಜನ ಕಾಲದಿಂದ ಯಾರ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದೆವೋ ಅವರಿಗೆ ಎದುರು ನಿಲ್ಲುವುದು. ಎಷ್ಟೋ ಒಕ್ಕಲುಗಳು ವರ್ಷಗಟ್ಟಲೆ ಹಿಂದೆ ಮುಂದೆ ನೋಡಿದರು. 1979ರ ಜೂನ್ 30ರ ವರೆಗೂ ಅವಧಿ ಮುಂದೆ ಹೋದದ್ದರಿಂದ ಅಂಥವರಲ್ಲಿ ಕೆಲವರು ಉಳಿದುಕೊಂಡರು. ಅಪ್ಪ ಆ ಬೇಸಗೆಯಲ್ಲೇ ಕೊಟ್ಟಿದ್ದರು. ಅಂದಿನಿಂದ ಧನಿಗಳ ಅಂಗಳ ಮೆಟ್ಟಿರಲಿಲ್ಲ.

ಅವತ್ತು ಧನಿಗಳ ಮನೆಯ ತಡಮೆಯ ಹತ್ತಿರ ಬಂದಾಗ ಅಪ್ಪ ಗೋಣಿ ಇಳಿಸಿ, "ನೀವು ಹೋಗಿ ಬನ್ನಿ, ನಾನು ಇಲ್ಲಿ ಇರುತ್ತೇನೆ" ಅಂದರು. ಹೆಡ್‌ಮಾಸ್ಟ್ರಿಗೆ ಅರ್ಥ ಆಗಲಿಲ್ಲ, ಮಾಸ್ಟ್ರಿಗೆ ಆಯಿತು. ನಾವು ಒಳಗೆ ಹೋದೆವು. ಧನಿಗಳು ಚಾವಡಿಯಲ್ಲಿ ಇದ್ದರು. ಎಲ್ಲ ಕೇಳಿ, ನನ್ನ ಕೈಯ ಪುಸ್ತಕ ನೋಡಿ, "ಇದು ಅವನ ಮಗಳಲ್ಲವಾ? ಅವನೆಲ್ಲಿ?" ಅಂದರು. ತಡಮೆಯ ಹತ್ತಿರ ಅಂತ ಮಾಸ್ಟ್ರು ಹೇಳಿದರು.

"ಅವ ಬಂದು ಕೇಳಲಿ, ಕೊಡುತ್ತೇನೆ."

ನಾನೇ ಓಡಿ ಹೋಗಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ನಿಂತರು. ಮತ್ತೆ ತಲೆಯ ಮುಟ್ಟಾಳೆ ತೆಗೆದು, ಕಟ್ಟಿದ ಮುಂಡು ಕೆಳಗೆ ಬಿಟ್ಟು ಅಂಗಳಕ್ಕೆ ಬಂದರು. ಮೊದಲು ನಿಲ್ಲುತ್ತಿದ್ದ ಜಾಗದಲ್ಲೇ ನಿಂತರು.

"ಧನಿಗಳೇ, ಶಾಲೆಗೆ."

"ನನ್ನ ಜಾಗಕ್ಕೆ ಡಿಕ್ಲರೇಶನ್ ಕೊಟ್ಟವ ನನ್ನ ಹತ್ತಿರ ಶಾಲೆಗೆ ಕೇಳುತ್ತೀಯಾ? ಈ ವರ್ಷ ಗೇಣಿ ಬಂದ ಮನೆ ಎಷ್ಟು ಅಂತ ಗೊತ್ತುಂಟಾ ನಿನಗೆ?"

"ಅದು ಬೇರೆ ಧನಿಗಳೇ. ಅದನ್ನು ಮಂಡಳಿಯಲ್ಲಿ ಮಾತಾಡುವ. ಇದು ಮಕ್ಕಳದ್ದು."

ಧನಿಗಳು ಎದ್ದು ಒಳಗೆ ಹೋದರು. ಮುಗಿಯಿತು ಅಂತ ನಾವು ತಿಳಿದೆವು. ಹೊರಗೆ ಬರುವಾಗ ಅವರ ಕೈಯಲ್ಲಿ 50 ರೂಪಾಯಿ ಇತ್ತು. ಅದನ್ನು ಹೆಡ್‌ಮಾಸ್ಟ್ರ ಕೈಗೆ ಕೊಟ್ಟು, ಗುಡ್ಡೆಯ ಕಡೆ ಕೈ ತೋರಿಸಿ, "ಅಲ್ಲಿ ಎರಡು ಕಿರಾಲುಬೋಗಿ ಮರ ಉಂಟು. ಪಕ್ಕಾಸಿಗೆ ಆದೀತು. ಕಡಿಸಿಕೊಂಡು ಹೋಗಿ" ಅಂದರು. ಮತ್ತೆ ನನ್ನ ಕಡೆ ತಿರುಗಿ "ಬರೆದುಕೋ" ಅಂದರು. ಬರೆದೆ. 46ನೇ ಪುಟದಲ್ಲಿದೆ. ಇಡೀ ಪುಸ್ತಕದಲ್ಲಿ ಅದಕ್ಕಿಂತ ದೊಡ್ಡ ದಾನ ಇಲ್ಲ.

ಇನ್ನು ನಾನು ಹೇಳಲು ಬಂದ ವಿಷಯ.

ಕಟ್ಟಡ ನಿಧಾನವಾಗಿ ಎದ್ದಿತು. ಹೆಡ್‌ಮಾಸ್ಟ್ರಿಗೆ ವರ್ಗ ಆಯಿತು, ಬೇರೆಯವರು ಬಂದರು. ನಾನು 10ನೇ ತರಗತಿಯಲ್ಲಿದ್ದಾಗ, 1976ರ ಕೊನೆಗೆ, ದಾನಿಗಳ ಹೆಸರು ಕಲ್ಲಿನಲ್ಲಿ ಕೆತ್ತಿಸುವುದು ಅಂತ ಆಯಿತು. ಹೊಸ ಹೆಡ್‌ಮಾಸ್ಟ್ರು ನನ್ನನ್ನು ಕರೆದು, "ಪುಸ್ತಕ ನೋಡಿ ಚಂದದಲ್ಲಿ ಒಂದು ಪಟ್ಟಿ ಬರೆದು ಕೊಡು" ಅಂದರು. ಅದೇ ವಾರ ಮಂಡಳಿಯಲ್ಲಿ ಅಪ್ಪನ ಕೇಸು ಇತ್ತು. ಅಲ್ಲಿ ಧನಿಗಳ ಪರವಾಗಿ ಹೇಳಿಕೆ ಆದದ್ದು, ಇವ ಗೇಣಿ ಒಕ್ಕಲೇ ಅಲ್ಲ, ಕೂಲಿಗೆ ಇದ್ದವ, ಚೀಟಿ ಇದ್ದರೆ ತೋರಿಸಲಿ ಅಂತ. ಗೇಣಿಗೆ ಚೀಟಿ ಯಾರು ಕೊಟ್ಟಿದ್ದರು, ಯಾರು ಕೇಳಿದ್ದರು? ಅಪ್ಪ ರಾತ್ರಿ ಬಂದು ಊಟ ಮಾಡದೆ ಅಂಗಳದಲ್ಲಿ ಕೂತರು. ಮೂವತ್ತು ವರ್ಷ ಮುಡಿ ಕಟ್ಟಿ ಹೊತ್ತ ಮನುಷ್ಯ. ಅವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನಾನು ಹಾಗೆ ಮಾಡುತ್ತಿರಲಿಲ್ಲವೋ ಏನೋ.

ಚಿಮಿಣಿ ದೀಪದ ಬೆಳಕಿನಲ್ಲಿ ಪಟ್ಟಿ ಬರೆಯುತ್ತಾ ಬಂದೆ. 46ನೇ ಪುಟ ಬಂತು. ಅದನ್ನು ಮಗುಚಿ 47ಕ್ಕೆ ಹೋದೆ. ಆ ಪುಟದಲ್ಲಿ ಧನಿಗಳದ್ದು ಒಂದೇ ಹೆಸರು ಇದ್ದದ್ದು, ಮಗುಚಲು ಸುಲಭ ಆಯಿತು.

ಮರುದಿನ ಹೆಡ್‌ಮಾಸ್ಟ್ರು ಎಣಿಸಲಿಲ್ಲ, ಅವರು ನಡೆದವರಲ್ಲ. ಹಳೆಯ ಮಾಸ್ಟ್ರು ಮಾತ್ರ ಪಟ್ಟಿ ಕೈಯಲ್ಲಿ ಹಿಡಿದು ಓದಿ, "ಎಲ್ಲ ಸರಿ ಉಂಟಾ ಮಗಾ?" ಅಂತ ಕೇಳಿದರು. ಉಂಟು ಸಾರ್ ಅಂದೆ. ಅವರು ಮತ್ತೂ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಧನಿಗಳೇ ಬೇಡ ಅಂದಿರಬಹುದು ಅಂತ ತಿಳಿದರೋ, ನನ್ನ ಮುಖ ಓದಿದರೋ, ನನಗೆ ಇಂದಿಗೂ ಗೊತ್ತಿಲ್ಲ.

ಕಲ್ಲು ಬಂತು. ಈಗಲೂ ಆಫೀಸಿನ ಬಾಗಿಲ ಬದಿಯಲ್ಲಿ ಗೋಡೆಯಲ್ಲಿದೆ, ನೀವೆಲ್ಲ ನೋಡಿದ್ದೀರಿ. ಉದ್ಘಾಟನೆಯ ದಿನ ಧನಿಗಳು ಮುಂದಿನ ಸಾಲಿನಲ್ಲಿ ಕೂತಿದ್ದರು. ಕಲ್ಲಿನ ಎದುರು ನಿಂತು ಮೇಲಿನಿಂದ ಕೆಳಗೆ ಓದಿದರು. ಒಂದು ಮಾತು ಹೇಳಲಿಲ್ಲ. ನಾನು ಕಂಬದ ಮರೆಯಿಂದ ನೋಡುತ್ತಿದ್ದೆ. ಸಂತೋಷ ಆಗುತ್ತದೆ ಅಂತ ತಿಳಿದಿದ್ದೆ, ಆಗಲಿಲ್ಲ.

ಜನ ಹೋದ ಮೇಲೆ ಅಪ್ಪ ನನ್ನನ್ನು ಕಲ್ಲಿನ ಹತ್ತಿರ ಕರೆದುಕೊಂಡು ಹೋದರು. ಅವರಿಗೆ ಓದಲು ಬಾರದು. "ನಮ್ಮ ಹೆಸರು ಎಲ್ಲಿ?" ತೋರಿಸಿದೆ. ಬೆರಳಿನಿಂದ ಮುಟ್ಟಿ ನೋಡಿದರು. ಮತ್ತೆ ಕೇಳಿದರು, "ಧನಿಗಳದ್ದು ಎಲ್ಲಿ?"

ನಾನು ಮೇಲಿನ ಸಾಲಿನಲ್ಲಿ ಒಂದು ಹೆಸರಿಗೆ ಕೈ ಇಟ್ಟು "ಇಲ್ಲಿ" ಅಂದೆ.

ಅಪ್ಪ ಅದನ್ನೂ ಮುಟ್ಟಿ ನೋಡಿ, "ಹಾಂ, ಮೇಲೆಯೇ ಹಾಕಿದ್ದಾರೆ, ಸರಿ" ಅಂದರು.

1978ರಲ್ಲಿ ನಮಗೆ ಜಾಗ ಮಂಜೂರಾಯಿತು. ನೆರೆಕರೆಯ ಇಬ್ಬರು ಮುದುಕರು ಮಂಡಳಿಯ ಎದುರು ಬಂದು, ಇವ ಮುಡಿ ಹೊತ್ತದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ ಅಂತ ಹೇಳಿದ್ದರಿಂದ. ಆ ಜಾಗದಲ್ಲೇ ಇವತ್ತು ನನ್ನ ತಮ್ಮಂದಿರ ಅಡಿಕೆ ತೋಟ. ಧನಿಗಳ ಮನೆಯ ಜಾಗ ಹೆಚ್ಚಿನದ್ದು ಹೋಯಿತು. ನ್ಯಾಯವಾಗಿಯೇ ಹೋಯಿತು ಅಂತ ನಾನು ಇವತ್ತೂ ಹೇಳುತ್ತೇನೆ, ಅದರಲ್ಲಿ ನನಗೆ ಸಂಶಯ ಇಲ್ಲ. ನನ್ನ ತಕರಾರು ನನ್ನ ಮೇಲೆಯೇ. ಯಾಕೆಂದರೆ ಕಲ್ಲಿಗೆ ಒಂದು ಗುಣ ಉಂಟು, ಅದರಲ್ಲಿ ಇಲ್ಲದ್ದು ಆಗಲೇ ಇಲ್ಲ ಅಂತ ಜನ ತಿಳಿಯುತ್ತಾರೆ. ನಡೆದವರು ಒಬ್ಬೊಬ್ಬರಾಗಿ ತೀರಿಕೊಂಡರು. ಹತ್ತು ಹದಿನೈದು ವರ್ಷದಲ್ಲಿ ಊರಿನಲ್ಲಿ ಒಂದು ಮಾತು ನಿಂತಿತು: ಊರಿಗೆ ಶಾಲೆ ಬರುವಾಗ ಒಂದು ಪೈಸೆ ಬಿಚ್ಚದ ಮನೆ. ಆ ಮನೆಯ ಮೊಮ್ಮಗಳು ಇದೇ ಶಾಲೆಯಲ್ಲಿ ಕಲಿತಳು. ಮಕ್ಕಳು ಜಗಳದಲ್ಲಿ ಆ ಮಾತನ್ನು ಅವಳ ಮುಖಕ್ಕೆ ಹೇಳಿದ್ದನ್ನು ನಾನು ಕೇಳಿದ್ದೇನೆ. ನನ್ನ ಮಗನೂ ಹೇಳಿದವರಲ್ಲಿ ಒಬ್ಬ. ಅವನಿಗೆ ಬೈದೆ. ಯಾಕೆ ಬೈದೆ ಅಂತ ಹೇಳಲಿಲ್ಲ. ಆ ಹುಡುಗಿ ಓದುತ್ತಿದ್ದದ್ದು ಅವಳ ಅಜ್ಜನ ಮರದ ಪಕ್ಕಾಸಿನ ಅಡಿಯಲ್ಲಿ.

ಅಪ್ಪ 1996ರಲ್ಲಿ ತೀರಿಕೊಂಡರು. ಅವರ ಲೆಕ್ಕದಲ್ಲಿ ಧನಿಗಳ ಹೆಸರು ಕಲ್ಲಿನ ಮೇಲಿನ ಸಾಲಿನಲ್ಲಿಯೇ ಇತ್ತು.

ಈ ಸಲ ಸುವರ್ಣ ಮಹೋತ್ಸವಕ್ಕೆ ನಮ್ಮ ಹುಡುಗರು ಮತ್ತೆ ಮನೆ ಮನೆಗೆ ನಡೆದರು. ಚೀಲದ ಬದಲು ಕ್ಯೂಆರ್ ಕೋಡಿನ ರಟ್ಟು. ದುಡ್ಡು ಫೋನಿನಲ್ಲಿ ಹೋಗುತ್ತದೆ, ನಡೆಯುವುದು ಯಾಕೆ ಅಂತ ಒಬ್ಬ ಕೇಳಿದನಂತೆ. ಮನೆಗೆ ಬಾರದವನಿಗೆ ನಾನು ಕೊಡುವುದಿಲ್ಲ ಅಂತ ನಮ್ಮ ನೆರೆಮನೆಯ ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿದಳು. ನಮ್ಮ ಕರಾವಳಿಯಲ್ಲಿ ಕೇಳುವುದಕ್ಕೂ ಒಂದು ಮರ್ಯಾದೆ ಉಂಟು. ಉಡುಪಿ ಕಡೆಯ ಕೂಲಿ ಕೆಲಸದ ರವಿ ಕಟಪಾಡಿಯವರು ಅಷ್ಟಮಿಗೆ ವೇಷ ಹಾಕಿ ಕಾಯಿಲೆಯ ಮಕ್ಕಳಿಗೆ ದುಡ್ಡು ಎತ್ತಿದ್ದಾರೆ. ಹರೇಕಳ ಹಾಜಬ್ಬರು ಮಂಗಳೂರಿನಲ್ಲಿ ಕಿತ್ತಳೆ ಮಾರಿ ತಮ್ಮ ನ್ಯೂಪಡ್ಪಿಗೆ ಶಾಲೆ ತಂದರು, ಪದ್ಮಶ್ರೀ ಆಯಿತು. ನಮ್ಮ ಬಂಟ್ವಾಳ ತಾಲೂಕಿನವರೇ ಆದ ಅಮೈ ಮಹಾಲಿಂಗ ನಾಯ್ಕರಿಗೂ 2022ರಲ್ಲಿ ಪದ್ಮಶ್ರೀ ಬಂತು. ಕೂಲಿ ಮಾಡುತ್ತಿದ್ದವರಿಗೆ ಜಾಗದ ಯಜಮಾನರೊಬ್ಬರು ಬೋಳು ಗುಡ್ಡೆ ಕೊಟ್ಟರು, ಇವರು ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಮಾಡಿದರು. ಆ ಸುದ್ದಿಯನ್ನು ಪೇಪರಿನಲ್ಲಿ ಓದುವಾಗ ನನ್ನ ಕಣ್ಣು ನಾಯ್ಕರ ಸುರಂಗಕ್ಕಿಂತ ಮೊದಲು ಹೋದದ್ದು ಗುಡ್ಡೆ ಕೊಟ್ಟವರ ಕಡೆಗೆ. ಕೊಟ್ಟವರನ್ನೂ ನೆನಪಿಟ್ಟು ಬರೆದಿದ್ದಾರಲ್ಲ ಅಂತ. ಅವತ್ತು ರಾತ್ರಿ ಅಟ್ಟದಿಂದ ಈ ಪುಸ್ತಕ ಇಳಿಸಿದೆ.

ಇಳಿಸಿದರೂ ಎರಡು ವರ್ಷ ಕಪಾಟಿನಲ್ಲೇ ಇತ್ತು. ಕಳೆದ ತಿಂಗಳು ಸಮಿತಿಯವರು ಮಾತಾಡಲು ಕರೆದ ಮೇಲೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಧನಿಗಳ ಮನೆಗೆ ಹೋದೆ. ತಡಮೆ ಈಗ ಇಲ್ಲ, ಕಬ್ಬಿಣದ ಗೇಟು. ಮನೆಯಲ್ಲಿ ಧನಿಗಳ ಸೊಸೆ ಮಾತ್ರ, ನನಗಿಂತ ಹತ್ತು ವರ್ಷ ದೊಡ್ಡವರು. ಮಕ್ಕಳೆಲ್ಲ ಬೆಂಗಳೂರು, ಮುಂಬಯಿ. ನಾನು ನಿಂತೇ ಎಲ್ಲ ಹೇಳಿದೆ. ಅವರು ಕನ್ನಡಕ ತಂದು 46ನೇ ಪುಟ ಓದಿದರು. ಎರಡು ಸಲ ಓದಿದರು.

"ಮಾವ ಹೇಳುತ್ತಿದ್ದರು," ಅಂದರು. "ಗುಡ್ಡೆಯ ಎರಡು ಮರ ಶಾಲೆಗೆ ಕೊಟ್ಟದ್ದು ಅಂತ. ಪ್ರಾಯ ಆಗಿತ್ತಲ್ಲ, ಏನೋ ಹೇಳುತ್ತಾರೆ ಅಂತ ನಾವು ತಿಳಿದೆವು. ಮಗಳು ಒಂದು ದಿನ ಅಳುತ್ತಾ ಬಂದು, ಅಜ್ಜ ಯಾಕೆ ಸುಳ್ಳು ಹೇಳುವುದು ಅಂತ ಕೇಳಿದಳು. ಆಮೇಲೆ ಅವರು ಹೇಳುವುದನ್ನು ಬಿಟ್ಟರು."

ನನಗೆ ಕಾಲು ನಿಲ್ಲಲಿಲ್ಲ. ಜಗಲಿಯಲ್ಲಿ ಕೂತೆ. ಅವರು ಒಳಗೆ ಹೋಗಿ ಬೆಲ್ಲ, ನೀರು ತಂದು ಇಟ್ಟರು. ಬೈಯಲಿಲ್ಲ, ಪರವಾಗಿಲ್ಲ ಅಂತಲೂ ಹೇಳಲಿಲ್ಲ. ಹೊರಡುವಾಗ ಗೇಟಿನ ತನಕ ಬಂದು, "ಹಾಕಿಸುವುದಾದರೆ ಹೆಸರು ಸರಿಯಾಗಿ ಬರೆಸು. ಅವರ ಇನಿಶಿಯಲ್ ಎಲ್ಲರೂ ತಪ್ಪು ಬರೆಯುವುದು" ಅಂದರು. ಒಂದು ಚೀಟಿಯಲ್ಲಿ ತಾವೇ ಬರೆದು ಕೊಟ್ಟರು.

ಆ ಚೀಟಿ ಈಗ ಪುಸ್ತಕದ 46ನೇ ಪುಟದಲ್ಲಿದೆ. ಹೆಸರನ್ನು ನಾನು ಇಲ್ಲಿ ಮೈಕಿನಲ್ಲಿ ಹೇಳುವುದಿಲ್ಲ, ಕಲ್ಲಿನಲ್ಲಿ ಬರುವ ಮೊದಲು ನನ್ನ ಬಾಯಲ್ಲಿ ಬರುವುದು ಬೇಡ. ಸಮಿತಿಯ ಅಧ್ಯಕ್ಷರಿಗೆ ಮೊನ್ನೆಯೇ ವಿಷಯ ತಿಳಿಸಿದ್ದೇನೆ. ಹೊಸ ಕಲ್ಲು ಬೇಡ, ಹಳೆಯ ಕಲ್ಲಿನಲ್ಲೇ ಕೆಳಗೆ ಒಂದು ಸಾಲಿಗೆ ಜಾಗ ಉಂಟು ಅಂತ ಕೆತ್ತುವವರು ನೋಡಿ ಹೇಳಿದ್ದಾರೆ. ಮೇಲಿನ ಸಾಲಿನಲ್ಲಿ ಹಾಕಲು ಆಗುವುದಿಲ್ಲ. ಅದಕ್ಕೆ ಬೇಜಾರು ಉಂಟು, ಅಪ್ಪನಿಗೆ ಮೇಲೆ ಅಂತ ತೋರಿಸಿದ್ದೆನಲ್ಲ. ಅಕ್ಷರಕ್ಕೆ ಇಷ್ಟು ಅಂತ ಮಜೂರಿ, ಅದು ನನ್ನ ಈ ವರ್ಷದ ಅಡಿಕೆಯ ದುಡ್ಡಿನಿಂದ. ಸಮಿತಿಯವರು ಕೊಡುತ್ತೇವೆ ಅಂದರು, ನಾನು ಬೇಡ ಅಂದೆ.

ಪುಸ್ತಕವನ್ನು ಹೆಡ್‌ಮಾಸ್ಟ್ರ ಕೈಗೆ ಇಲ್ಲಿಯೇ ಒಪ್ಪಿಸುತ್ತೇನೆ. ನಿಮ್ಮ ನಿಮ್ಮ ಮನೆಯ ಹೆಸರು ಅದರಲ್ಲಿ ಉಂಟಾ ಅಂತ ಬಂದು ನೋಡಿಕೊಳ್ಳಿ, ನಾನು ಇನ್ನೂ ಯಾರನ್ನಾದರೂ ಬಿಟ್ಟಿದ್ದರೆ ಹೇಳಿ. ಹಾಳೆ ಮೆಲ್ಲಗೆ ತಿರುಗಿಸಿ, ಅಂಚು ಪುಡಿಯಾಗುತ್ತದೆ.